ಓಲ್ಡ್ ಫ್ಯಾಷನ್ಡ್‌ನ ಹದ ಇರುವುದು ನೀರಿನಲ್ಲಿ

ಒಂದು ಗ್ಲಾಸಿಗೆ 60 ಎಂಎಲ್ ವಿಸ್ಕಿ ಹಾಕಿ. ಅದರ ಮೇಲೆ ಒಂದು ಚಮಚ ಸಕ್ಕರೆ ಸುರಿದು, ನಾಲ್ಕು ತುಂಡು ಐಸ್ ಹಾಕಿ ತಿರುಗಿಸಿ. ಎರಡು ನಿಮಿಷ ಬಿಟ್ಟು ನೋಡಿದರೆ ಸಕ್ಕರೆ ತಳದಲ್ಲಿ ಮರಳಿನ ಹಾಗೆ ಕೂತಿರುತ್ತದೆ. ಮೊದಲ ಗುಟುಕು ಗಂಟಲು ಸುಡುತ್ತದೆ. ಕೊನೆಯ ಗುಟುಕು ಪಾನಕ. ಮನೆಯಲ್ಲಿ ಓಲ್ಡ್ ಫ್ಯಾಷನ್ಡ್ ಮಾಡಲು ಹೊರಟ ಹೆಚ್ಚಿನವರು ಮೊದಲ ಸಲ ಕುಡಿಯುವುದು ಇದನ್ನೇ. ನಾನೂ ಇದನ್ನೇ ಕುಡಿದಿದ್ದೆ.

ತಂದ ಸಾಮಾನಿನಲ್ಲಿ ತಪ್ಪಿರುವುದಿಲ್ಲ. ಈ ಕಾಕ್‌ಟೇಲ್‌ಗೆ ಬೇಕಾಗುವುದೇ ವಿಸ್ಕಿ, ಸಕ್ಕರೆ, ಬಿಟರ್ಸ್ ಅನ್ನುವ ಕಹಿ ಹನಿ, ಮೇಲೊಂದು ಕಿತ್ತಳೆ ಸಿಪ್ಪೆ. ಇವುಗಳ ಜೊತೆಗೆ ನಾವು ಲೆಕ್ಕಕ್ಕೇ ಹಿಡಿಯದ ಇನ್ನೊಂದು ಸಾಮಾನಿದೆ: ನೀರು. ಗ್ಲಾಸು ಬಾಯಿಗೆ ಬರುವ ಹೊತ್ತಿಗೆ ಅದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹೊಸದಾಗಿ ಸೇರಿದ ನೀರಿರುತ್ತದೆ. ಅದು ಎಲ್ಲಿಂದ ಬಂತು, ಎಷ್ಟು ಬಂತು, ಯಾವಾಗ ಬಂತು ಅನ್ನುವುದು ಗೊತ್ತಾದರೆ ಈ ಪಾನೀಯ ಕೈಗೆ ಸಿಕ್ಕಿತು ಅಂತಲೇ ಅರ್ಥ. ಪಾಕ ಹಿಡಿಯುವಾಗ ಹದ ನೋಡುತ್ತೇವಲ್ಲ, ಹಾಗೆ ಇಲ್ಲೂ ಒಂದು ಹದ ಇದೆ. ಅದನ್ನೇ ಇಲ್ಲಿ ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ.

ಹೆಸರಿನ ಹಿಂದಿನ ಕಥೆ

ಮೊದಲು ನಮ್ಮ ಹೋಟೆಲುಗಳಲ್ಲಿ ದೋಸೆ ಅಂದರೆ ದೋಸೆ ಅಷ್ಟೇ. ಮಸಾಲೆ ದೋಸೆ, ಈರುಳ್ಳಿ ದೋಸೆ, ಸೆಟ್ ದೋಸೆ ಎಲ್ಲ ಬಂದ ಮೇಲೆ ಅದನ್ನು ಗುರುತಿಸಲು 'ಸಾದಾ ದೋಸೆ' ಅಂತ ಹೇಳಬೇಕಾಯಿತು. ಓಲ್ಡ್ ಫ್ಯಾಷನ್ಡ್ ಅನ್ನುವ ಹೆಸರು ಹುಟ್ಟಿದ್ದೂ ಹೀಗೆಯೇ.

1806ರ ಮೇ 13ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದು, ಕಾಕ್‌ಟೇಲ್ ಅಂದರೇನು ಎಂದು ಕೇಳಿದ ಓದುಗನಿಗೆ ಉತ್ತರ ಕೊಟ್ಟಿತು. ಯಾವುದಾದರೂ ಮದ್ಯ, ಸಕ್ಕರೆ, ನೀರು, ಬಿಟರ್ಸ್ ಇಷ್ಟು ಸೇರಿದರೆ ಕಾಕ್‌ಟೇಲ್ ಅಂತ. ನೀರನ್ನು ಆಗಲೇ ಹೆಸರು ಹಿಡಿದು ಹೇಳಿದ್ದರು, ಗಮನಿಸಿ. ವಿಸ್ಕಿ ಹಾಕಿದರೆ ಅದು ವಿಸ್ಕಿ ಕಾಕ್‌ಟೇಲ್, ಬ್ರಾಂದಿ ಹಾಕಿದರೆ ಬ್ರಾಂದಿ ಕಾಕ್‌ಟೇಲ್.

ಮುಂದಿನ ಐವತ್ತು ಅರವತ್ತು ವರ್ಷಗಳಲ್ಲಿ ಬಾರಿನವರು ಇದಕ್ಕೆ ಒಂದೊಂದೇ ಸೇರಿಸುತ್ತಾ ಹೋದರು. ಕಿತ್ತಳೆಯ ಸಿಹಿ ಮದ್ಯ, ಚೆರಿಯ ಮದ್ಯ, ಸೋಂಪಿನ ವಾಸನೆಯ ಆಬ್ಸಿಂತ್. ಇದ್ಯಾವುದೂ ಬೇಡ ಅನ್ನುವ ಗಿರಾಕಿಗಳು 'ಹಳೇ ಪದ್ಧತಿಯದು ಕೊಡಪ್ಪ' ಅಂತ ಕೇಳತೊಡಗಿದರು. ಕೇಳಿದ ಮಾತೇ ಹೆಸರಾಯಿತು. ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ 1881ರಲ್ಲಿ ಶುರುವಾದ ಪೆಂಡೆನಿಸ್ ಕ್ಲಬ್ಬಿನವರು ಇದು ಹುಟ್ಟಿದ್ದು ನಮ್ಮಲ್ಲಿ ಅನ್ನುತ್ತಾರೆ. ಆದರೆ 1880ರಲ್ಲೇ ಶಿಕಾಗೊದ ಪತ್ರಿಕೆಯೊಂದರಲ್ಲಿ ಈ ಹೆಸರು ಅಚ್ಚಾಗಿದೆ. ಹಾಗಾಗಿ ಇದು ಯಾರೋ ಒಬ್ಬರು ಒಂದು ದಿನ ಕೂತು ಕಂಡುಹಿಡಿದ ಪಾನೀಯ ಅಂತ ನನಗೆ ಅನ್ನಿಸುವುದಿಲ್ಲ. ಸೇರಿಸಿದ್ದನ್ನೆಲ್ಲ ತೆಗೆದ ಮೇಲೆ ಉಳಿದದ್ದು ಇದು.

ಯಾವ ವಿಸ್ಕಿ?

ಹಳೆಯ ಲೆಕ್ಕದಲ್ಲಿ ಬರ್ಬನ್ ಅಥವಾ ರೈ. ಎರಡೂ ಅಮೆರಿಕದ ವಿಸ್ಕಿಗಳು. ಬರ್ಬನ್ ಅನ್ನಿಸಿಕೊಳ್ಳಲು ಧಾನ್ಯದಲ್ಲಿ ಕಡಿಮೆ ಅಂದರೂ 51% ಮುಸುಕಿನ ಜೋಳ ಇರಬೇಕು. ಒಳಮೈ ಸುಟ್ಟು ಕರಿ ಮಾಡಿದ ಹೊಸ ಓಕ್ ಪೀಪಾಯಿಯಲ್ಲಿ ಇಡಬೇಕು. ಹೊಸದೇ ಆಗಬೇಕು, ಇದು ಕಾನೂನು. ಆ ಸುಟ್ಟ ಮರದಿಂದಲೇ ವೆನಿಲ್ಲಾ, ಸುಟ್ಟ ಸಕ್ಕರೆ, ಸ್ವಲ್ಪ ಕೊಬ್ಬರಿಯಂತಹ ವಾಸನೆ ಇಳಿಯುತ್ತದೆ. ರೈ ವಿಸ್ಕಿಯಲ್ಲಿ ಕಡಿಮೆ ಅಂದರೂ 51% ರೈ ಅನ್ನುವ ಧಾನ್ಯ ಇರುತ್ತದೆ. ಅದರ ರುಚಿಯಲ್ಲಿ ಮೆಣಸಿನಂತಹ ಖಾರ ಜಾಸ್ತಿ, ಸಿಹಿ ಕಡಿಮೆ. ಸಕ್ಕರೆಯ ಜೊತೆ ಮೃದುವಾಗಿರಲಿ ಅನ್ನುವವರಿಗೆ ಬರ್ಬನ್, ಸಕ್ಕರೆಗೆ ಎದುರು ನಿಲ್ಲಲಿ ಅನ್ನುವವರಿಗೆ ರೈ.

ಬೆಂಗಳೂರಿನಲ್ಲಿ ಬರ್ಬನ್ ಸುಲಭವಾಗಿ ಸಿಗುತ್ತದೆ, ಬೆಲೆ ಜಾಸ್ತಿ ಅಷ್ಟೇ. ಆದರೆ ಇಲ್ಲಿ ನಮ್ಮ ಊರಿಗೇ ಸೇರಿದ ಒಂದು ಕೊಂಡಿ ಇದೆ. ಬರ್ಬನ್‌ಗೆ ಪ್ರತಿ ಸಲ ಹೊಸ ಪೀಪಾಯಿ ಬೇಕಾಗುವುದರಿಂದ, ಒಂದು ಸಲ ಬಳಸಿದವು ಬೇರೆ ದೇಶಗಳಿಗೆ ಮಾರಾಟವಾಗುತ್ತವೆ. ಸ್ಕಾಟ್ಲೆಂಡಿಗೆ ಹೋಗುವ ಹಾಗೆ ಬೆಂಗಳೂರಿಗೂ ಬರುತ್ತವೆ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಮೃತ್ ಕಂಪನಿ, 2004ರಲ್ಲಿ ಗ್ಲಾಸ್ಗೊದಲ್ಲಿ ಬಿಡುಗಡೆ ಮಾಡಿದ ಸಿಂಗಲ್ ಮಾಲ್ಟ್‌ಗೆ, ಅಂದರೆ ಒಂದೇ ಕಾರ್ಖಾನೆಯಲ್ಲಿ ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ ವಿಸ್ಕಿಗೆ, ಇಂತಹ ಪೀಪಾಯಿಗಳನ್ನು ಬಳಸುತ್ತದೆ. ನಮ್ಮ ಸೆಖೆಯಲ್ಲಿ ಮರದ ರುಚಿ ಬೇಗ ಇಳಿಯುತ್ತದೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 2% ಆವಿಯಾಗಿ ಹೋದರೆ ಬೆಂಗಳೂರಿನಲ್ಲಿ ಅದು 10%ಕ್ಕೂ ಮೇಲೆ. ಹಾಗಾಗಿ ಹೊಗೆ ವಾಸನೆ ಇಲ್ಲದ ನಮ್ಮ ಸಿಂಗಲ್ ಮಾಲ್ಟ್‌ಗಳಲ್ಲಿ ಬರ್ಬನ್‌ನ ವೆನಿಲ್ಲಾ ಸ್ವಲ್ಪ ಇದ್ದೇ ಇರುತ್ತದೆ. ಓಲ್ಡ್ ಫ್ಯಾಷನ್ಡ್‌ಗೆ ಅವು ಚೆನ್ನಾಗಿ ಕೂಡಿಕೊಳ್ಳುತ್ತವೆ. ಹೊಗೆ ವಾಸನೆ ಜೋರಾಗಿರುವ ಸ್ಕಾಚ್ ಬೇಡ. ಕಿತ್ತಳೆಯನ್ನೂ ಬಿಟರ್ಸನ್ನೂ ಅದು ನುಂಗಿಹಾಕುತ್ತದೆ.

ಇಲ್ಲಿನ ಕಡಿಮೆ ಬೆಲೆಯ ವಿಸ್ಕಿಗಳಲ್ಲಿ ಬಹುಪಾಲು ಕಾಕಂಬಿಯಿಂದ ತೆಗೆದ ಮದ್ಯವೇ ಇರುತ್ತದೆ. ಮರದ ರುಚಿ ಅವುಗಳಲ್ಲಿ ಕಡಿಮೆ. ಈ ಕಾಕ್‌ಟೇಲ್‌ನಲ್ಲಿ ಕೋಕ್ ಇಲ್ಲ, ನಿಂಬೆ ಇಲ್ಲ, ವಿಸ್ಕಿಯ ಗುಣ ಮುಚ್ಚಿಡಲು ಏನೂ ಇಲ್ಲ. ದುಬಾರಿ ವಿಸ್ಕಿಯೇ ಬೇಕು ಅಂತ ನಾನು ಹೇಳುತ್ತಿಲ್ಲ. ನೀರು ಬೆರೆಸಿ ಸುಮ್ನೆ ಕುಡಿದರೆ ನಿಮಗೆ ಇಷ್ಟವಾಗುವ ವಿಸ್ಕಿ ಸಾಕು. ಬಾಟಲಿಯ ಮೇಲೆ ಬರೆದ ಆಲ್ಕೋಹಾಲ್‌ನ ಶೇಕಡಾವಾರು ಮಾತ್ರ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ 42.8% ಇರುತ್ತದೆ, ಅದು ಸಾಕು. 46% ಅಥವಾ 50% ಇದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಮುಂದೆ ನೀರು ಸೇರುವುದಿದೆ.

ಸಕ್ಕರೆಗೆ ಮೊದಲು ನೀರು

ಶುದ್ಧ ಆಲ್ಕೋಹಾಲ್‌ನಲ್ಲಿ ಸಕ್ಕರೆ ಹೆಚ್ಚುಕಡಿಮೆ ಕರಗುವುದೇ ಇಲ್ಲ. ವಿಸ್ಕಿಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುವುದರಿಂದ ಕರಗುತ್ತದೆ, ಆದರೆ ತುಂಬಾ ನಿಧಾನ. ಐಸ್ ಹಾಕಿ ತಣ್ಣಗೆ ಮಾಡಿದರಂತೂ ಇನ್ನೂ ನಿಧಾನ. ಅದೇ ಬರೀ ನೀರಿನಲ್ಲಿ ತನ್ನ ತೂಕದ ಎರಡರಷ್ಟು ಸಕ್ಕರೆ ಕರಗಬಲ್ಲದು. ಮೇಲೆ ಹೇಳಿದ ಮರಳಿನ ಕಥೆಗೆ ಕಾರಣ ಇದೇ. ಅದಕ್ಕೇ ಹಳಬರು ಮೊದಲು ಸಕ್ಕರೆ, ಅದರ ಮೇಲೆ ಬಿಟರ್ಸ್, ಒಂದು ಚಮಚ ನೀರು ಹಾಕಿ ಪೂರ್ತಿ ಕರಗಿಸುತ್ತಿದ್ದರು. ಆಮೇಲೆ ವಿಸ್ಕಿ. ಐಸ್ ಎಲ್ಲಕ್ಕಿಂತ ಕೊನೆಗೆ. ಈ ಅನುಕ್ರಮ ತಪ್ಪಬಾರದು.

ಇನ್ನೂ ಸುಲಭದ ದಾರಿ ಪಾಕ. ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರು ಹಾಕಿ, ಬಿಸಿ ಮಾಡಿ, ಸಕ್ಕರೆ ಕರಗಿದ ಕೂಡಲೇ ಇಳಿಸಿ. ಎಳೆ ಬರುವ ತನಕ ಕಾಯಿಸಬೇಡಿ. ಎಳೆಪಾಕ ತಣ್ಣಗಾದಾಗ ಸಕ್ಕರೆ ಮತ್ತೆ ಕಟ್ಟಿಕೊಳ್ಳುತ್ತದೆ. ಜಾಮೂನಿನ ಪಾಕಕ್ಕಿಂತ ತೆಳ್ಳಗಿದ್ದರೆ ಸರಿ. ಒಂದು ಗ್ಲಾಸಿಗೆ ಒಂದು ಟೀ ಚಮಚ, ಅಂದರೆ 5 ಎಂಎಲ್. ಅದರಲ್ಲಿ ನಾಲ್ಕು ಗ್ರಾಂಗಿಂತ ಚೂರು ಜಾಸ್ತಿ ಸಕ್ಕರೆ ಇರುತ್ತದೆ. ಫ್ರಿಜ್‌ನಲ್ಲಿ ಕೆಲವು ವಾರ ಕೆಡುವುದಿಲ್ಲ.

ಶಿರಸಿ, ಸಾಗರದ ಕಡೆಯವರ ಮನೆಯಲ್ಲಿ ಜೋನಿ ಬೆಲ್ಲ ಇದ್ದರೆ ಪಾಕ ಮಾಡುವ ಕೆಲಸವೂ ಇಲ್ಲ. ಅದು ಆಗಲೇ ಪಾಕ. ಒಂದು ಚಮಚ ಜೋನಿ ಬೆಲ್ಲಕ್ಕೆ ಅರ್ಧ ಚಮಚ ಬಿಸಿ ನೀರು ಸೇರಿಸಿ ಸಡಿಲ ಮಾಡಿಕೊಂಡರೆ ವಿಸ್ಕಿಯಲ್ಲಿ ಚೆನ್ನಾಗಿ ಬೆರೆಯುತ್ತದೆ. ಸಕ್ಕರೆ ಸಿಹಿಯನ್ನಷ್ಟೇ ಕೊಡುತ್ತದೆ. ಜೋನಿ ಬೆಲ್ಲ ಸಿಹಿಯ ಜೊತೆ ಸ್ವಲ್ಪ ಉಪ್ಪು, ಸ್ವಲ್ಪ ಒಗರು, ಆಲೆಮನೆಯ ವಾಸನೆ ಎಲ್ಲವನ್ನೂ ತರುತ್ತದೆ. ನನಗೆ ಇದು ಸಕ್ಕರೆಗಿಂತ ಇಷ್ಟ. ಆದರೆ ಮೊದಲ ಸಲ ಸಕ್ಕರೆಯಲ್ಲೇ ಮಾಡಿ. ಮೂಲ ರುಚಿ ಗೊತ್ತಿದ್ದರೆ ಬದಲಾವಣೆ ಏನು ಅಂತ ತಿಳಿಯುತ್ತದೆ.

ಕಷಾಯದಂತಹ ಹನಿ

ಬಿಟರ್ಸ್ ಅಂದರೆ ಕಹಿ ಬೇರು, ತೊಗಟೆ, ಮಸಾಲೆಗಳನ್ನು ಜೋರು ಮದ್ಯದಲ್ಲಿ ನೆನೆಸಿ ತೆಗೆದ ಸಾರ. ಶುರುವಿನಲ್ಲಿ ಇದು ಔಷಧಿಯೇ. ಜೊಹಾನ್ ಸೀಗರ್ಟ್ ಎಂಬ ಜರ್ಮನ್ ವೈದ್ಯ ವೆನೆಜುವೆಲಾದಲ್ಲಿ ಸಿಮೋನ್ ಬೊಲಿವಾರ್‌ನ ಸೈನ್ಯದಲ್ಲಿ ಕೆಲಸ ಮಾಡುತ್ತಿದ್ದ. ಹೊಟ್ಟೆ ಕೆಟ್ಟ ಸೈನಿಕರಿಗಾಗಿ ಅವನು 1824ರಲ್ಲಿ ಒಂದು ಕಹಿ ಸಾರ ಮಾಡಿದ. ಅವನಿದ್ದ ಊರಿನ ಹೆಸರು ಅಂಗೊಸ್ತುರಾ, ಈಗಿನ ಸಿಯುದಾದ್ ಬೊಲಿವಾರ್. ಬಿಟರ್ಸ್‌ಗೂ ಅದೇ ಹೆಸರು ಉಳಿಯಿತು. ಕಂಪನಿ ಮುಂದೆ ಟ್ರಿನಿಡಾಡ್‌ಗೆ ಹೋಯಿತು, ಈಗಲೂ ಅಲ್ಲೇ ಇದೆ. ನಮ್ಮಲ್ಲಿ ಜ್ವರಕ್ಕೂ ಹೊಟ್ಟೆಗೂ ಕಿರಾತಕಡ್ಡಿ ಕಷಾಯ ಕುಡಿಸುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಯೋಚನೆ.

ಪೂರ್ತಿ ಪಾಕವಿಧಾನ ಗುಟ್ಟು. ಜೆನ್ಷಿಯನ್ ಅನ್ನುವ ಕಹಿ ಬೇರು ಇರುವುದು ಮಾತ್ರ ಬಾಟಲಿಯ ಮೇಲೆಯೇ ಬರೆದಿದೆ. ಮೂಸಿದರೆ ಲವಂಗ, ಚಕ್ಕೆ ನೆನಪಾಗುತ್ತದೆ. ಒಂದು ಗ್ಲಾಸಿಗೆ ಎರಡು ಮೂರು ಡ್ಯಾಶ್ ಹಾಕುತ್ತಾರೆ. ಬಾಟಲಿಯನ್ನು ಬೋರಲು ಹಿಡಿದು ಒಂದು ಸಲ ಕೊಡವಿದರೆ ಬೀಳುವುದು ಒಂದು ಡ್ಯಾಶ್, ಒಂದು ಎಂಎಲ್‌ಗೂ ಸ್ವಲ್ಪ ಕಡಿಮೆ. ಇಷ್ಟೇ ಇಷ್ಟು ಯಾಕೆ ಅಂದರೆ, ಪಾಯಸಕ್ಕೆ ಚಿಟಿಕೆ ಉಪ್ಪು ಹಾಕುವ ಕಾರಣಕ್ಕೇ. ಉಪ್ಪು ರುಚಿಯಾಗಿ ಗೊತ್ತಾಗಬಾರದು, ಇಲ್ಲದಿದ್ದರೆ ಮಾತ್ರ ಗೊತ್ತಾಗಬೇಕು. ಬಿಟರ್ಸ್ ಬಿಟ್ಟು ಒಂದು ಸಲ ಮಾಡಿ ನೋಡಿ. ವಿಸ್ಕಿ ಒಂದು ಕಡೆ, ಸಿಹಿ ಒಂದು ಕಡೆ ನಿಲ್ಲುತ್ತವೆ. ಎರಡನ್ನೂ ಸೇರಿಸುವುದು ಈ ಕಹಿ.

ಬೆಂಗಳೂರಿನ ದೊಡ್ಡ ಮದ್ಯದಂಗಡಿಗಳಲ್ಲಿ ವಿಚಾರಿಸಿದರೆ ಸಿಗುತ್ತದೆ. ಬೆಲೆ ನೋಡಿ ಹಿಂಜರಿಯಬೇಡಿ. 200 ಎಂಎಲ್ ಬಾಟಲಿಯಲ್ಲಿ ಹತ್ತಿರ ಹತ್ತಿರ ನೂರು ಗ್ಲಾಸು ಮಾಡಬಹುದು.

ಐಸ್: ತಂಪೂ ಅದೇ, ನೀರೂ ಅದೇ

ಈಗ ಮುಖ್ಯ ವಿಷಯಕ್ಕೆ ಬರೋಣ. ಐಸ್ ತಣ್ಣಗಿರುವುದರಿಂದ ಪಾನೀಯ ತಣ್ಣಗಾಗುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ನಿಜ ಹೇಳಬೇಕೆಂದರೆ, ಐಸ್ ಕರಗುವುದರಿಂದ ತಣ್ಣಗಾಗುತ್ತದೆ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಫ್ರೀಜರ್‌ನಿಂದ ತೆಗೆದ ಐಸ್ ಸುಮಾರು ಮೈನಸ್ 18 ಡಿಗ್ರಿಯಲ್ಲಿರುತ್ತದೆ. ಅದರ ಒಂದು ಗ್ರಾಂ ಸೊನ್ನೆ ಡಿಗ್ರಿಗೆ ಬರುವ ತನಕ ಹೀರಿಕೊಳ್ಳುವ ಶಾಖ 9 ಕ್ಯಾಲೊರಿ ಮಾತ್ರ. ಅದೇ ಗ್ರಾಂ ಐಸ್ ಕರಗಿ ನೀರಾಗುವಾಗ ಹೀರಿಕೊಳ್ಳುವುದು 80 ಕ್ಯಾಲೊರಿ. ಅಂದರೆ ತಂಪಿನ ಬಹುಪಾಲು ಬರುವುದೇ ಕರಗುವುದರಿಂದ. ಕರಗದೆ ತಂಪಿಲ್ಲ. ತಂಪಾದರೆ ನೀರು ಸೇರಲೇಬೇಕು.

ಎಷ್ಟು ನೀರು ಅಂತ ನಾವೇ ಲೆಕ್ಕ ಹಾಕಬಹುದು. 60 ಎಂಎಲ್ ವಿಸ್ಕಿಯ ತೂಕ ಸುಮಾರು 57 ಗ್ರಾಂ. ಮನೆಯೊಳಗೆ 27 ಡಿಗ್ರಿ ಇದೆ ಅಂದುಕೊಳ್ಳಿ. ಅದನ್ನು ಮೈನಸ್ 2ಕ್ಕೆ ಇಳಿಸಬೇಕು. ವಿಸ್ಕಿ ಶಾಖ ಹಿಡಿಯುವುದು ಹೆಚ್ಚುಕಡಿಮೆ ನೀರಿನಷ್ಟೇ. ಹಾಗಾಗಿ 57 ಗ್ರಾಂನ್ನು 29 ಡಿಗ್ರಿ ಇಳಿಸಲು ಸುಮಾರು 1,650 ಕ್ಯಾಲೊರಿ ತೆಗೆಯಬೇಕು. 80ರಿಂದ ಭಾಗಿಸಿದರೆ ಸುಮಾರು 20 ಗ್ರಾಂ ಐಸ್ ಕರಗಬೇಕು. 60 ಎಂಎಲ್ ವಿಸ್ಕಿಗೆ 20 ಎಂಎಲ್ ನೀರು. ಮೊದಲೇ ಹಾಕಿದ ಪಾಕ, ಬಿಟರ್ಸ್ ಸೇರಿದರೆ 42.8% ಇದ್ದದ್ದು 30%ರ ಆಸುಪಾಸಿಗೆ ಬರುತ್ತದೆ. ಒಳ್ಳೆಯ ಓಲ್ಡ್ ಫ್ಯಾಷನ್ಡ್ ಇರುವುದು ಇಲ್ಲಿಯೇ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಬಾರಿನವರು ಅರ್ಧ ನಿಮಿಷ ಚಮಚ ತಿರುಗಿಸಿ ಕಂಡುಕೊಂಡ ಹದಕ್ಕೂ ಈ ಲೆಕ್ಕಕ್ಕೂ ತಾಳೆಯಾಗುತ್ತದೆ ಅನ್ನುವುದು ನನಗೆ ಈಗಲೂ ಆಶ್ಚರ್ಯ.

ಸೊನ್ನೆ ಡಿಗ್ರಿಯ ಐಸ್ ಇಟ್ಟುಕೊಂಡು ಮೈನಸ್ 2ಕ್ಕೆ ಹೋಗುವುದು ಹೇಗೆ ಅಂತ ಕೇಳಬಹುದು. ಕೈಯಲ್ಲಿ ತಿರುಗಿಸುವ ಐಸ್‌ಕ್ರೀಂ ಡಬ್ಬಿಯ ಸುತ್ತ ಐಸ್‌ಗೆ ಕಲ್ಲುಪ್ಪು ಸುರಿಯುತ್ತಿದ್ದರು, ನೆನಪಿದೆಯಾ? ಉಪ್ಪು ಸೇರಿದ ನೀರು ಸೊನ್ನೆಯಲ್ಲಿ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ಐಸ್ ಕರಗುತ್ತಲೇ ಹೋಗುತ್ತದೆ, ಕರಗಿದಷ್ಟೂ ತಣ್ಣಗಾಗುತ್ತದೆ. ಇಲ್ಲಿ ಉಪ್ಪಿನ ಕೆಲಸವನ್ನು ಆಲ್ಕೋಹಾಲ್ ಮಾಡುತ್ತದೆ.

ಈ ಲೆಕ್ಕದಿಂದ ಮನೆಯಲ್ಲಿ ಉಪಯೋಗಕ್ಕೆ ಬರುವ ಎರಡು ಸಂಗತಿ ಗೊತ್ತಾಗುತ್ತವೆ. ಒಂದು ಗ್ಲಾಸಿನದು. ದಪ್ಪ ತಳದ ಗಿಡ್ಡ ಗ್ಲಾಸು 250 ಗ್ರಾಂ ತೂಗುತ್ತದೆ. ಅದೂ 27 ಡಿಗ್ರಿಯಲ್ಲೇ ಕೂತಿರುತ್ತದೆ. ಅದನ್ನು ಪೂರ್ತಿ ತಣ್ಣಗೆ ಮಾಡಲು ಇನ್ನೂ 15 ಗ್ರಾಂಗಿಂತ ಜಾಸ್ತಿ ಐಸ್ ಕರಗಬೇಕಾಗುತ್ತದೆ! ಅಷ್ಟು ನೀರು ಬೇಡ. ಹಾಗಾಗಿ ಗ್ಲಾಸನ್ನು ಹತ್ತು ಹದಿನೈದು ನಿಮಿಷ ಫ್ರೀಜರ್‌ನಲ್ಲಿಡಿ. ಈ ಒಂದು ಕೆಲಸದಿಂದ ಆಗುವ ವ್ಯತ್ಯಾಸ ಬಾಟಲಿ ಬದಲಿಸಿದರೂ ಆಗುವುದಿಲ್ಲ.

ಇನ್ನೊಂದು, ವಿಸ್ಕಿಯನ್ನು ಫ್ರಿಜ್‌ನಲ್ಲಿಡುವ ಅಭ್ಯಾಸದ್ದು. 5 ಡಿಗ್ರಿಯ ವಿಸ್ಕಿಯನ್ನು ಮೈನಸ್ 2ಕ್ಕೆ ತರಲು 5 ಗ್ರಾಂ ಐಸ್ ಕರಗಿದರೆ ಸಾಕು. ತಂಪು ಬರುತ್ತದೆ, ನೀರು ಬರುವುದಿಲ್ಲ. ಪಾನೀಯ ತಣ್ಣಗಿದ್ದರೂ ಗಂಟಲಿಗೆ ಖಾರ. ಫ್ರಿಜ್‌ನ ವಿಸ್ಕಿ ಬಳಸುವವರು ಮೂರು ಚಮಚ ನೀರನ್ನು ಕೈಯಾರೆ ಸೇರಿಸಬೇಕು.

ನೀರು ಸೇರಿದರೆ ರುಚಿ ತೆಳುವಾಗುತ್ತದೆ ಅಂತಷ್ಟೇ ತಿಳಿಯಬೇಡಿ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇದನ್ನು ಕಂಪ್ಯೂಟರ್ ಮಾದರಿಯಲ್ಲಿ ಪರೀಕ್ಷಿಸಿದರು. ವಿಸ್ಕಿಗೆ ಹೊಗೆಯಂತಹ ವಾಸನೆ ಕೊಡುವ ಗ್ವಾಯಕಾಲ್ ಎಂಬ ಅಣುವನ್ನು ಅವರು ಆರಿಸಿಕೊಂಡಿದ್ದರು. ಆಲ್ಕೋಹಾಲ್ ತುಂಬಾ ಜಾಸ್ತಿ ಇದ್ದಾಗ ಈ ಅಣು ದ್ರವದ ಒಳಗೆ ಅಡಗಿಕೊಳ್ಳುತ್ತದೆ. 45%ಕ್ಕಿಂತ ಕೆಳಗೆ ಬಂದಾಗ ಮೇಲ್ಮೈಗೆ, ಅಂದರೆ ನಮ್ಮ ಮೂಗಿನ ಹತ್ತಿರಕ್ಕೆ ಬರುತ್ತದೆ. ವಿಸ್ಕಿಗೆ ನೀರು ಬೆರೆಸಿದಾಗ ವಾಸನೆ ಏಳುವುದು ಕುಡಿಯುವವರಿಗೆಲ್ಲ ಗೊತ್ತು. ಅದಕ್ಕೆ ಇದು ಒಂದು ಕಾರಣ.

ದೊಡ್ಡ ಐಸ್ ತುಂಡು ಯಾಕೆ ಅನ್ನುವುದನ್ನೂ ಹೇಳಬೇಕು. ದೊಡ್ಡದು ಕರಗುವುದೇ ಇಲ್ಲ ಅನ್ನುವ ಮಾತು ಸರಿಯಲ್ಲ. ಮೈನಸ್ 2ಕ್ಕೆ ಇಳಿಸಲು 20 ಗ್ರಾಂ ಕರಗಬೇಕು ಅಂದರೆ ದೊಡ್ಡದಾದರೂ ಚಿಕ್ಕದಾದರೂ ಅಷ್ಟು ಕರಗಲೇಬೇಕು. ವ್ಯತ್ಯಾಸ ಇರುವುದು ಆಮೇಲೆ. ನೀವು ಇಪ್ಪತ್ತು ನಿಮಿಷ ಮಾತಾಡುತ್ತಾ ಕುಡಿಯುವಾಗ ಕೋಣೆಯ ಶಾಖ, ಕೈಯ ಶಾಖ ಒಳಗೆ ಹೋಗುತ್ತಿರುತ್ತದೆ. ಚಿಕ್ಕ ತುಂಡುಗಳಿಗೆ ಮೈ ಜಾಸ್ತಿ, ಅವು ಬೇಗ ಬೇಗ ಕರಗುತ್ತವೆ. ದೊಡ್ಡ ತುಂಡಿಗೆ ತೂಕಕ್ಕೆ ಹೋಲಿಸಿದರೆ ಮೈ ಕಡಿಮೆ, ನಿಧಾನ ಕರಗುತ್ತದೆ. ಇನ್ನೊಂದು ವಿಷಯ ಅಂದರೆ ಚಿಕ್ಕ ತುಂಡುಗಳ ಮೈಗೆಲ್ಲ ಆಗಲೇ ನೀರು ಅಂಟಿರುತ್ತದೆ. ತಂಪು ಕೊಡದ ನೀರು ಅದು. ಚಿಕ್ಕ ತುಂಡುಗಳೇ ಇದ್ದರೆ ಜರಡಿಯಲ್ಲಿ ಹಾಕಿ ಒಮ್ಮೆ ಕೊಡವಿ ಬಳಸಿ.

ಗಾಜಿನಂತಹ ಐಸ್ ಮನೆಯಲ್ಲೇ ಆಗುತ್ತದೆ. ಸಾಮಾನ್ಯ ಟ್ರೇಯಲ್ಲಿ ನೀರು ಎಲ್ಲ ಕಡೆಯಿಂದ ಹೆಪ್ಪುಗಟ್ಟುತ್ತಾ ಬರುತ್ತದೆ. ಒಳಗಿನ ಗಾಳಿ, ಲವಣ ಎಲ್ಲ ನಡುವೆ ಸಿಕ್ಕಿಕೊಂಡು ಬೆಳ್ಳಗಾಗುತ್ತದೆ. ಬೋರ್‌ವೆಲ್ ನೀರಾದರೆ ಕೇಳಲೇಬೇಡಿ. ಚಪಾತಿ ಇಡುವ ಹಾಟ್‌ಬಾಕ್ಸ್‌ಗೆ ಕುಡಿಯುವ ನೀರು ತುಂಬಿ, ಮುಚ್ಚಳ ಹಾಕದೆ ಫ್ರೀಜರ್‌ನಲ್ಲಿಡಿ. ಪಕ್ಕದಿಂದ, ತಳದಿಂದ ಚಳಿ ತಾಗದ ಕಾರಣ ನೀರು ಮೇಲಿನಿಂದ ಕೆಳಕ್ಕೆ ಮಾತ್ರ ಗಟ್ಟಿಯಾಗುತ್ತದೆ, ಕಸ ಎಲ್ಲ ಕೆಳಕ್ಕೆ ಇಳಿಯುತ್ತದೆ. ಪೂರ್ತಿ ಗಟ್ಟಿಯಾಗುವ ಮೊದಲೇ, ಸುಮಾರು ಹದಿನೆಂಟು ಗಂಟೆಗೆ ತೆಗೆಯಿರಿ. ಇಲ್ಲದಿದ್ದರೆ ಡಬ್ಬಿ ಬಿರಿಯಬಹುದು. ಕೆಳಗೆ ಉಳಿದ ನೀರು ಚೆಲ್ಲಿ, ಹಲ್ಲಿರುವ ಬ್ರೆಡ್ ಚಾಕುವಿನಿಂದ ಗೆರೆ ಕೊರೆದು ಮೆಲ್ಲಗೆ ತಟ್ಟಿದರೆ ತುಂಡಾಗುತ್ತದೆ. ಇಷ್ಟೆಲ್ಲ ಬೇಡ ಅಂದರೆ ಚಿಕ್ಕ ಸ್ಟೀಲ್ ಬಟ್ಟಲಿನಲ್ಲಿ ನೀರು ಇಡಿ. ಬೆಳ್ಳಗಿದ್ದರೂ ಕೆಲಸ ಅದೇ ಮಾಡುತ್ತದೆ. ವಾಸನೆ ಮಾತ್ರ ನೋಡಿಕೊಳ್ಳಿ. ಫ್ರೀಜರ್‌ನಲ್ಲಿ ತೆಂಗಿನ ತುರಿಯೋ ಮೀನೋ ಇದ್ದರೆ ಐಸ್ ಆ ವಾಸನೆ ಹಿಡಿಯುತ್ತದೆ, ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಮುಚ್ಚಿಡಿ.

ಈಗ ಮಾಡೋಣ

ಐಸ್‌ನ್ನು ಫ್ರೀಜರ್‌ನಿಂದ ತೆಗೆದು ಒಂದೆರಡು ನಿಮಿಷ ಹೊರಗಿಡಿ. ಮೈ ಸ್ವಲ್ಪ ಬೆವರಲಿ. ತೆಗೆದ ಕೂಡಲೇ ವಿಸ್ಕಿಗೆ ಹಾಕಿದರೆ ಟಕ್ ಅಂತ ಬಿರಿದು ಚೂರಾಗುತ್ತದೆ.

ತಣ್ಣಗಾದ ಗ್ಲಾಸಿಗಿಂತ ಬೇರೆ ಲೋಟದಲ್ಲಿ ಕಲಕುವುದು ಒಳ್ಳೆಯದು. ಆ ಲೋಟಕ್ಕೆ ಒಂದು ಟೀ ಚಮಚ ಪಾಕ, ಎರಡು ಮೂರು ಡ್ಯಾಶ್ ಬಿಟರ್ಸ್ ಹಾಕಿ. ಪಾಕ ಇಲ್ಲದಿದ್ದರೆ ಒಂದು ಚಪ್ಪಟೆ ಚಮಚ ಸಕ್ಕರೆ, ಅಷ್ಟೇ ನೀರು, ಬಿಟರ್ಸ್ ಹಾಕಿ, ಚಮಚದ ಹಿಂಬದಿಯಿಂದ ಅರೆದು ಕರಗಿಸಿ. ಕರಕರ ಸದ್ದು ನಿಲ್ಲಬೇಕು. ಆಮೇಲೆ 60 ಎಂಎಲ್ ವಿಸ್ಕಿ, ಅಂದರೆ ಒಂದು ಲಾರ್ಜ್. ಅಳತೆಯ ಪೆಗ್ ಇಲ್ಲದಿದ್ದರೆ ಕೆಮ್ಮಿನ ಸಿರಪ್ ಜೊತೆ ಬರುವ ಗೆರೆ ಹಾಕಿದ ಮುಚ್ಚಳ ತೊಳೆದು ಇಟ್ಟುಕೊಳ್ಳಿ. ಕಣ್ಣಳತೆ ಬೇಡ. ಇಷ್ಟು ಕಡಿಮೆ ಸಾಮಾನಿರುವಾಗ ಐದು ಎಂಎಲ್ ಆಚೀಚೆ ಆದರೂ ರುಚಿ ಬದಲಾಗುತ್ತದೆ.

ಈಗ ಲೋಟದ ತುಂಬ ಸಾಮಾನ್ಯ ಐಸ್ ತುಂಡು ಹಾಕಿ, ಉದ್ದ ಚಮಚದಿಂದ ಅಂಚಿಗೆ ತಾಗಿಸಿಕೊಂಡು ಮೆಲ್ಲಗೆ ತಿರುಗಿಸಿ. ಕುಲುಕಬೇಡಿ. ಕುಲುಕಿದರೆ ಗಾಳಿ ಸೇರಿ ನೊರೆ ಬರುತ್ತದೆ, ನಾಲಿಗೆಯ ಮೇಲಿನ ನುಣುಪು ಹೋಗುತ್ತದೆ. ಸುಮಾರು 25, 30 ಸೆಕೆಂಡು ತಿರುಗಿಸಿ, ಚಮಚದ ತುದಿಯಲ್ಲಿ ಎರಡು ಹನಿ ನಾಲಿಗೆಗೆ ಹಾಕಿಕೊಳ್ಳಿ. ಮೂಗಿನವರೆಗೆ ಉರಿ ಏರಿದರೆ ಇನ್ನೂ ಹತ್ತು ಸೆಕೆಂಡು. ವಿಸ್ಕಿಯ ರುಚಿ ಪೂರ್ತಿ ಇದ್ದು, ಉರಿ ಗಂಟಲಲ್ಲೇ ನಿಂತರೆ ಹದ ಬಂತು. ಕೈಗೆ ಅಭ್ಯಾಸವಾಗುವ ತನಕ ಅಡುಗೆಮನೆಯ ತಕ್ಕಡಿ ಬಳಸಬಹುದು. ಸೋಸಿದ ಪಾನೀಯ ಕಲಕುವ ಮೊದಲಿಗಿಂತ 20 ಗ್ರಾಂ ಜಾಸ್ತಿ ತೂಗಿದರೆ ಸರಿ. ಫ್ರೀಜರ್‌ನಲ್ಲಿಟ್ಟ ಗ್ಲಾಸು ತೆಗೆದು, ದೊಡ್ಡ ಐಸ್ ತುಂಡು ಹಾಕಿ, ಅದರ ಮೇಲೆ ಸೋಸಿ.

ಕೊನೆಗೆ ಕಿತ್ತಳೆ ಸಿಪ್ಪೆ. ಇದು ಅಲಂಕಾರ ಅಲ್ಲ. ಚಿಕ್ಕವರಿದ್ದಾಗ ಸಿಪ್ಪೆ ಹಿಂಡಿ ಇನ್ನೊಬ್ಬರ ಕಣ್ಣಿಗೆ ಹಾರಿಸುತ್ತಿದ್ದೆವಲ್ಲ, ದೀಪದ ಮೇಲೆ ಹಿಂಡಿದರೆ ಚಟಪಟ ಕಿಡಿ ಬರುತ್ತಿತ್ತಲ್ಲ, ಆ ಎಣ್ಣೆಯೇ ಇಲ್ಲಿ ಬೇಕಾಗಿರುವುದು. ಹೆಬ್ಬೆರಳಿನಷ್ಟು ಉದ್ದದ ಸಿಪ್ಪೆ ಕತ್ತರಿಸಿ. ಒಳಗಿನ ಬಿಳಿ ಭಾಗ ಕಹಿ, ಅದನ್ನು ಆದಷ್ಟು ಕೆರೆದು ತೆಗೆಯಿರಿ. ಬಣ್ಣದ ಮೈ ಕೆಳಗೆ ಮಾಡಿ ಗ್ಲಾಸಿನ ಮೇಲೆ ಹಿಡಿದು ಮಡಚಿ ಹಿಂಡಿ. ಬೆಳಕಿಗೆ ಎದುರಾಗಿ ನೋಡಿದರೆ ಸಣ್ಣ ಮಂಜಿನ ಹಾಗೆ ಬೀಳುವುದು ಕಾಣುತ್ತದೆ. ಅಂಚಿಗೆ ಒಮ್ಮೆ ಸವರಿ ಒಳಗೆ ಹಾಕಿ. ರಸ ಬೇಡ, ಹುಳಿ ಬರುತ್ತದೆ. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ತೆಳ್ಳಗೆ. ಅದನ್ನು ಹೆರೆಯುವುದು ಕಷ್ಟ, ಕೈಯಲ್ಲಿ ಸುಲಿದು ಚಾಕುವಿನಿಂದ ಆಕಾರ ಮಾಡಿಕೊಳ್ಳಿ. ಸಿಪ್ಪೆ ಗೊಜ್ಜು ಮಾಡುವ ಮನೆಯವರಿಗೆ ಅದರ ಘಮ ಹೇಳಿಕೊಡಬೇಕಾಗಿಲ್ಲ. ಅಂಗಡಿಯ ಹಣ್ಣಿಗೆ ಮೇಣ ಸವರಿರುವುದುಂಟು. ಬಿಸಿ ನೀರಿನಲ್ಲಿ ಉಜ್ಜಿ ತೊಳೆಯಿರಿ.

ಹಣ್ಣು ಅರೆದು ಹಾಕುವ ಪದ್ಧತಿಯೂ ಇದೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ಓಲ್ಡ್ ಫ್ಯಾಷನ್ಡ್ ಅಂದರೆ ವಿಸ್ಕಿಯ ಬದಲು ಬ್ರಾಂದಿ, ಅರೆದ ಕಿತ್ತಳೆ ಮತ್ತು ಚೆರಿ, ಮೇಲೆ ಸೋಡಾ. ಅಲ್ಲಿಯವರಿಗೆ ಅದೇ ಸರಿ. 1806ರ ಮಾತಿನ ಪ್ರಕಾರವೂ ಬ್ರಾಂದಿ ತಪ್ಪಲ್ಲ. ಅದೇ ಸೂತ್ರದಲ್ಲಿ ನಮ್ಮ ಕಪ್ಪು ರಮ್ಮು, ಜೋನಿ ಬೆಲ್ಲ, ಎರಡು ಡ್ಯಾಶ್ ಬಿಟರ್ಸ್ ಸೇರಿಸಿ ನೋಡಿ. ರಮ್ಮು, ಬೆಲ್ಲ ಎರಡೂ ಕಬ್ಬಿನಿಂದ ಬಂದವು, ಚೆನ್ನಾಗಿ ಹೊಂದುತ್ತವೆ.

ಮನೆಗೆ ಮೂವರು ಬಂದರೆ ಒಬ್ಬೊಬ್ಬರಿಗೂ ಕಲಕುತ್ತಾ ನಿಲ್ಲಬೇಕಾಗಿಲ್ಲ. ನೀರಿನ ಲೆಕ್ಕ ಗೊತ್ತಿದೆಯಲ್ಲ. ಒಂದು ಕ್ವಾರ್ಟರ್, ಅಂದರೆ 180 ಎಂಎಲ್ ವಿಸ್ಕಿಗೆ ಮೂರು ಚಮಚ ಪಾಕ, ಏಳೆಂಟು ಡ್ಯಾಶ್ ಬಿಟರ್ಸ್, 45 ಎಂಎಲ್ ಕುಡಿಯುವ ನೀರು ಸೇರಿಸಿ ಬಾಟಲಿಯಲ್ಲಿ ಹಾಕಿ ಬೆಳಿಗ್ಗೆಯೇ ಫ್ರಿಜ್‌ನಲ್ಲಿಡಿ. ಸಂಜೆ ದೊಡ್ಡ ಐಸ್ ಮೇಲೆ ಸುರಿದರೆ, ಉಳಿದ ಐದೈದು ಎಂಎಲ್ ನೀರನ್ನು ಐಸ್ ತಾನೇ ಕೊಡುತ್ತದೆ. ಹಣ್ಣಿನ ರಸ ಇಲ್ಲದ ಕಾರಣ ಕೆಡುವುದಿಲ್ಲ. ಸಿಪ್ಪೆ ಮಾತ್ರ ಆಗಲೇ ಕತ್ತರಿಸಿ ಹಿಂಡಬೇಕು.

ಒಂದು ಮಾತು ನೆನಪಿರಲಿ. ನೀರು ಸೇರಿ ಮೃದುವಾದ ಮಾತ್ರಕ್ಕೆ ಒಳಗಿನ ಆಲ್ಕೋಹಾಲ್ ಕಡಿಮೆಯಾಗಿರುವುದಿಲ್ಲ. ಒಂದು ಗ್ಲಾಸಿನಲ್ಲಿ ಪೂರ್ತಿ ಒಂದು ಲಾರ್ಜ್ ಇದೆ, ಸುಮಾರು 20 ಗ್ರಾಂ ಆಲ್ಕೋಹಾಲ್. ಸಕ್ಕರೆ, ತಂಪು ಎರಡೂ ಅದನ್ನು ಮರೆಸುತ್ತವೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರ 100 ಎಂಎಲ್ ರಕ್ತದಲ್ಲಿ ಇರಬಹುದಾದ ಮಿತಿ 30 ಮಿಲಿಗ್ರಾಂ. ಇದೊಂದೇ ಗ್ಲಾಸು ಹಲವರನ್ನು ಅದರ ಆಚೆ ದಾಟಿಸಬಲ್ಲದು. ಬಂದವರ ಗಾಡಿ ಕೀಲಿ ಮೊದಲೇ ತೆಗೆದಿಡಿ, ರಾತ್ರಿ ಉಳಿಯುವುದಕ್ಕೆ ಹಾಸಿಗೆ ಹಾಸಿಡಿ.

ಆಮೇಲೆ ನಿಧಾನವಾಗಿ ಕುಡಿಯಿರಿ. ಮೊದಲ ಗುಟುಕಿನಲ್ಲಿ ಕಿತ್ತಳೆ ಮುಂದೆ ಇರುತ್ತದೆ, ಹತ್ತು ನಿಮಿಷಕ್ಕೆ ವಿಸ್ಕಿ ಬಿಚ್ಚಿಕೊಳ್ಳುತ್ತದೆ. ಹದಿನೈದು ಇಪ್ಪತ್ತು ನಿಮಿಷದ ಹೊತ್ತಿಗೆ ಐಸ್‌ನ ಮೂಲೆಗಳು ದುಂಡಗಾಗಿ, ಬಿಟರ್ಸ್‌ನ ಲವಂಗ, ಚಕ್ಕೆ ಮೇಲೆ ಬರುತ್ತವೆ. ನನಗೆ ತುಂಬಾ ಇಷ್ಟವಾಗುವ ಗುಟುಕು ಅದು.